ಎರಡು ತಾಸಿನ ಎಣ್ಣೆ

ಹತ್ತರಗಿ, ಯಮಕನಮರಡಿಯಿಂದ ಹಿಡಿದು ಹುಕ್ಕೇರಿ, ಗೋಕಾಕ, ಮೂಡಲಗಿವರೆಗಿನ ಸೀಮೆಗೆ ಹುಳಹುಪ್ಪಡಿಯ ಬರ ಎಂದೂ ಬಂದಿಲ್ಲ. ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯದಲ್ಲಿ ಸುಮಾರು 51 ಟಿಎಂಸಿ ನೀರು ನಿಲ್ಲುತ್ತದೆ, ಧೂಪದಾಳದ ಒಡ್ಡಿನಿಂದ ಕಾಲುವೆ ಹರಿಯುತ್ತದೆ, ಆ ನೀರಿನ ಮೇಲೆ ಕಬ್ಬು, ಗೋವಿನಜೋಳ, ಅರಿಷಿಣ ಬೆಳೆಯುತ್ತವೆ. ಮನೆಗೆ ತಾಗಿ ದನದ ಕೊಟ್ಟಿಗೆ, ಕೊಟ್ಟಿಗೆಗೆ ತಾಗಿ ತಿಪ್ಪೆ, ನಳದ ನೀರು ದಿನಾ ಬಾರದ ಓಣಿಗಳಲ್ಲಿ ಬಾಗಿಲ ಮುಂದೆ ಸಾಲು ಬ್ಯಾರಲ್. ಸೊಳ್ಳೆ, ನೊಣ, ಉಣ್ಣೆ, ಕಾಳಿನ ನುಸಿ ನಾಲ್ಕಕ್ಕೂ ಇಲ್ಲಿ ಹೊಟ್ಟೆ ತುಂಬ ಊಟ ಉಂಟು. ಇವುಗಳ ಕಾಟಕ್ಕೆ ಕಾಯಿಲ್, ಲಿಕ್ವಿಡ್, ಅಗರಬತ್ತಿ, ಪುಡಿ ಎಂದು ಪ್ರತಿ ತಿಂಗಳು ಹಣ ಸುರಿಯುವ ಮನೆಗಳು ಈಗ ಮತ್ತೆ ಬೇವು, ಹುಲಗಲ, ಮಜ್ಜಿಗೆ ಹುಲ್ಲಿನ ಎಣ್ಣೆಯ ಕಡೆ ನೋಡತೊಡಗಿವೆ. ನೋಡುವುದು ಸರಿಯೇ. ಆದರೆ ಸಸ್ಯದ ಎಣ್ಣೆಯನ್ನು ಹೊಗಳುವವರೂ ತೆಗಳುವವರೂ ಒಂದು ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳುವುದಿಲ್ಲ: ಎಷ್ಟು ತಾಸು? ಅದಕ್ಕೆ ಉತ್ತರ ಗೊತ್ತಿದ್ದರೆ ಉಳಿದದ್ದು ಅಳತೆಯ ಕೆಲಸ. ಗೊತ್ತಿಲ್ಲದಿದ್ದರೆ ಮನೆಯಲ್ಲಿ ಮಾಡಿದ ಎಣ್ಣೆ ಎರಡೇ ದಿನಕ್ಕೆ ಮೂಲೆ ಸೇರುತ್ತದೆ.

ಸೊಳ್ಳೆ ನಮ್ಮನ್ನು ಪತ್ತೆ ಹಚ್ಚುವುದು ಉಸಿರಿನ ಇಂಗಾಲದ ಡೈಆಕ್ಸೈಡು, ಬೆವರಿನ ವಾಸನೆ ಮತ್ತು ಮೈಯ ಬಿಸಿಯಿಂದ. ಮೈಗೆ ಹಚ್ಚಿದ ವಾಸನೆಯ ಎಣ್ಣೆ ಆವಿಯಾಗಿ ಚರ್ಮದ ಮೇಲೆ ಒಂದು ತೆಳುವಾದ ಪದರ ಕಟ್ಟುತ್ತದೆ, ಆ ಪದರ ಸೊಳ್ಳೆಯ ದಿಕ್ಕು ತಪ್ಪಿಸುತ್ತದೆ. ಅಂದರೆ ಎಣ್ಣೆ ಆವಿಯಾಗುತ್ತಿರುವ ತನಕ ಮಾತ್ರ ಅದರ ಕೆಲಸ. ಸಿಟ್ರೊನೆಲ್ಲಾ, ಮಜ್ಜಿಗೆ ಹುಲ್ಲು, ನೀಲಗಿರಿ, ತುಳಸಿ ಇವುಗಳ ಎಣ್ಣೆಯನ್ನು ಪರಿಸರಸ್ನೇಹಿ ಎನ್ನುವುದೇ ಅವು ಗಾಳಿ, ಬಿಸಿಲಿಗೆ ಬೇಗ ಹಾರಿ, ಬೇಗ ಒಡೆದು ಮಣ್ಣಲ್ಲಿ, ನೀರಲ್ಲಿ ಉಳಿಯದೆ ಹೋಗುವುದರಿಂದ. ಅದೇ ಗುಣದಿಂದ ಅವು ನಮ್ಮ ಮೈಯನ್ನೂ ಬೇಗ ಬಿಟ್ಟುಹೋಗುತ್ತವೆ. ಒಳ್ಳೆಯತನವೂ ದೌರ್ಬಲ್ಯವೂ ಒಂದೇ ಆಗಿರುವ ವಸ್ತು ಇದು. ಹೀಗಾಗಿ ಕೀಟ ಓಡಿಸುವ ಎಣ್ಣೆ ತಯಾರಿಸುವುದೆಂದರೆ ಹಾರಿಹೋಗುವ ವಾಸನೆಯನ್ನು ಭಾರದ ಎಣ್ಣೆಯೊಂದರಲ್ಲಿ ಹಿಡಿದಿಟ್ಟು ನಿಧಾನವಾಗಿ ಬಿಡಿಸುವುದು, ಅಷ್ಟೇ. ಘಾಟು ಹೆಚ್ಚಾದಷ್ಟು ಫಲ ಹೆಚ್ಚು ಎಂಬ ನಂಬಿಕೆಗೆ ಇಲ್ಲಿ ಬುಡವಿಲ್ಲ.

ಪರೀಕ್ಷೆಗಳು ಏನು ಹೇಳುತ್ತವೆ ನೋಡೋಣ. 2002ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಶೇ 23.8 ಡೀಟ್ ಇದ್ದ ಲೇಪ ಸರಾಸರಿ 301 ನಿಮಿಷ ಸೊಳ್ಳೆಯನ್ನು ತಡೆಯಿತು. ಡೀಟ್ ಎಂದರೆ 1946ರಲ್ಲಿ ಅಮೆರಿಕದ ಸೇನೆಗಾಗಿ ಸಿದ್ಧವಾದ ರಾಸಾಯನಿಕ, ಇಂದಿಗೂ ಅಳತೆಗೋಲು ಅದೇ. ಸಿಟ್ರೊನೆಲ್ಲಾ ಲೇಪಗಳು 20 ನಿಮಿಷವನ್ನೂ ದಾಟಲಿಲ್ಲ, ವಾಸನೆ ತುಂಬಿದ ಕೈಪಟ್ಟಿಗಳು ಏನೂ ಮಾಡಲಿಲ್ಲ. ಆದರೆ ಅದೇ ಪರೀಕ್ಷೆಯಲ್ಲಿ ಶೇ 2 ಸೋಯಾ ಎಣ್ಣೆ ಆಧಾರಿತ ಲೇಪವೊಂದು ಸುಮಾರು 95 ನಿಮಿಷ ನಿಂತಿತು. ಸೋಯಾ ಎಣ್ಣೆಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ ಎಂಬುದನ್ನು ಗಮನಿಸಿ. ಅಡುಗೆಮನೆಯ ಡಬ್ಬಿಯಿಂದ ಸೋಯಾ ಎಣ್ಣೆ ತೆಗೆದು ಬಳಿದುಕೊಂಡರೆ 95 ನಿಮಿಷ ಸಿಗುತ್ತದೆ ಎಂದು ಇದರ ಅರ್ಥವಲ್ಲ, ಪರೀಕ್ಷೆಯಾದದ್ದು ಬೇರೆ ಎಣ್ಣೆಗಳೂ ಸೇರಿದ್ದ ಸಿದ್ಧ ಲೇಪ. ಆದರೂ ಸುಗಂಧಕ್ಕಿಂತ ಅದನ್ನು ಹೊತ್ತ ಜಿಡ್ಡಿನ ಎಣ್ಣೆಯ ಪಾಲು ದೊಡ್ಡದು ಎಂಬ ಸುಳಿವು ಅದರಲ್ಲಿ ಸ್ಪಷ್ಟವಾಗಿದೆ. ಸೋಯಾ ಬೆಳೆಯುವ ಬೆಳಗಾವಿ ಜಿಲ್ಲೆಯ ಓದುಗರಿಗೆ ಇದು ಉಪಯೋಗಕ್ಕೆ ಬರುವ ಸುಳಿವು.

ಬೇವಿನ ಕತೆ ಇನ್ನೂ ಸ್ವಾರಸ್ಯದ್ದು. 1993ರಲ್ಲಿ ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದ ವಿ.ಪಿ. ಶರ್ಮಾ ಮತ್ತು ಸಂಗಡಿಗರು ಕೊಬ್ಬರಿ ಎಣ್ಣೆಯಲ್ಲಿ ಶೇ 2ರಷ್ಟು ಬೇವಿನೆಣ್ಣೆ ಬೆರೆಸಿ ಮೈಗೆ ಹಚ್ಚಿದಾಗ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳಿಂದ 12 ತಾಸು ಪೂರ್ಣ ರಕ್ಷಣೆ ಸಿಕ್ಕಿತೆಂದು ವರದಿ ಮಾಡಿದರು. ಎರಡು ವರ್ಷದ ನಂತರ ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಹಳ್ಳಿಗಳಲ್ಲಿ ಶೇ 1ರಿಂದ 4ರ ಮಿಶ್ರಣ ಶೇ 81ರಿಂದ 91ರಷ್ಟು ರಕ್ಷಣೆ ಕೊಟ್ಟಿತು. ಆದರೆ ಇಥಿಯೋಪಿಯಾದ ಬಯಲಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಶೇ 20ರಷ್ಟು ಬೇವಿನೆಣ್ಣೆ ಹಾಕಿದರೂ ರಕ್ಷಣೆ ಶೇ 70ರ ಆಸುಪಾಸಿಗೆ, ಅದೂ ಸುಮಾರು 3 ತಾಸಿಗೆ ನಿಂತಿತು. ಇದರಲ್ಲಿ ಯಾರೋ ಒಬ್ಬರು ಸುಳ್ಳು ಹೇಳಿದ್ದಾರೆಂದು ತಿಳಿಯಬೇಕಾಗಿಲ್ಲ. ಸೊಳ್ಳೆಯ ಜಾತಿ, ಬೆವರು, ಗಾಳಿ, ಎಣ್ಣೆ ತೆಗೆದ ರೀತಿ, ಹೊತ್ತೊಯ್ಯುವ ಎಣ್ಣೆ ಯಾವುದೆಂಬುದು, ಎಲ್ಲವೂ ಫಲವನ್ನು ಬದಲಿಸುತ್ತವೆ. ಜಾಣ ಗೃಹಸ್ಥ ಲೆಕ್ಕಕ್ಕೆ ಹಿಡಿಯಬೇಕಾದದ್ದು ಕಡಿಮೆ ಅಂಕಿಯನ್ನು. 12 ತಾಸು ಬಂದರೆ ಲಾಭ, ಎರಡು ತಾಸು ಎಂದುಕೊಂಡರೆ ಮೋಸವಿಲ್ಲ.

ಇನ್ನು ತಯಾರಿ. ಬೇವಿನೆಣ್ಣೆ ಸಿಟ್ರೊನೆಲ್ಲಾದಂತೆ ಹಾರುವ ಎಣ್ಣೆಯಲ್ಲ, ಬೀಜದ ತಿರುಳಿನಿಂದ ಹಿಂಡಿದ ಜಿಡ್ಡಿನ ಎಣ್ಣೆ. ಅದರ ಗಂಧಕದ ಅಂಶಗಳು ನಿಧಾನವಾಗಿ ಬಿಡುಗಡೆಯಾಗುತ್ತವೆ, ಬೆಳ್ಳುಳ್ಳಿಯಂಥ ಆ ವಾಸನೆ ಬರುವುದೂ ಅದರಿಂದಲೇ. ಅಳತೆ ಬಹಳ ಸರಳ: ಕಾಲು ಲೀಟರ್ ಕೊಬ್ಬರಿ ಎಣ್ಣೆಗೆ ಒಂದು ಟೀ ಚಮಚ, ಅಂದರೆ 5 ಮಿಲಿ ಬೇವಿನೆಣ್ಣೆ. ಅಷ್ಟಕ್ಕೇ ಶೇ 2 ಆಯಿತು. ಕೊಬ್ಬರಿ ಎಣ್ಣೆಯ ದರ ಏರಿದಾಗ ಅರ್ಧ ಕೊಬ್ಬರಿ, ಅರ್ಧ ಸೋಯಾ ಎಣ್ಣೆ ಬೆರೆಸಿದರೂ ನಡೆಯುತ್ತದೆ, ಜಿಡ್ಡು ಸ್ವಲ್ಪ ಹೆಚ್ಚು. ಬೇವಿನೆಣ್ಣೆ ಚಳಿಗೆ ಗಟ್ಟಿಯಾಗುತ್ತದೆ. ಆಗ ಸೀಸೆಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸಿ ಅಳೆಯಬೇಕು, ಒಲೆಯ ಮೇಲೆ ಕುದಿಸಬಾರದು. ಮಿಶ್ರಣವನ್ನು ಬಣ್ಣದ ಗಾಜಿನ ಸೀಸೆಯಲ್ಲಿ ಬಿಸಿಲು ತಾಗದ ಕಡೆ ಇಟ್ಟರೆ ಕೆಲವು ತಿಂಗಳು ಕೆಡುವುದಿಲ್ಲ, ಕಮಟು ಬಂದರೆ ಚೆಲ್ಲಿಬಿಡಿ. ಎಲ್ಲಕ್ಕಿಂತ ಮುಖ್ಯ, ಬೇವಿನೆಣ್ಣೆ ಗಾಣದ್ದಾಗಿರಲಿ. ಬೆಳೆಗೆ ಸಿಂಪಡಿಸಲು ಆಗ್ರೊ ಅಂಗಡಿಯಲ್ಲಿ ಮಾರುವ 1500 ಪಿಪಿಎಂ, 10000 ಪಿಪಿಎಂ ಎಂದು ಬರೆದ ಸೀಸೆಯಲ್ಲಿ ಎಣ್ಣೆಯ ಜೊತೆ ಅದನ್ನು ನೀರಲ್ಲಿ ಬೆರೆಯುವಂತೆ ಮಾಡುವ ರಾಸಾಯನಿಕ, ದ್ರಾವಕಗಳೂ ಇರುತ್ತವೆ. ಅದು ಹೊಲಕ್ಕೆ, ಮೈಗಲ್ಲ.

ಸುಗಂಧದ ಹುಲ್ಲುಗಳ ವಿಷಯದಲ್ಲಿ ಮನೆಮದ್ದಿನ ಪುಸ್ತಕಗಳು ಒಂದು ದೊಡ್ಡ ತಪ್ಪನ್ನು ವರ್ಷಗಟ್ಟಲೆ ಹೊತ್ತು ತಂದಿವೆ. ಹಿತ್ತಿಲಲ್ಲಿ ಬೆಳೆದ ಗವತಿ ಚಹಾದ ಹುಲ್ಲನ್ನು, ಅಂದರೆ ಮಜ್ಜಿಗೆ ಹುಲ್ಲನ್ನು, ಕತ್ತರಿಸಿ ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿದರೆ ಸೊಳ್ಳೆ ಎಣ್ಣೆ ಸಿದ್ಧ ಎನ್ನುತ್ತವೆ. ಲೆಕ್ಕ ಹಾಕಿ ನೋಡಿ. ನೂರು ಕಿಲೋ ಹಸಿ ಹುಲ್ಲನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಸಿಗುವುದೇ ಹೆಚ್ಚೆಂದರೆ ಅರ್ಧ ಕಿಲೋದಷ್ಟು ಎಣ್ಣೆ. ಹಾಗಾದರೆ ನೂರು ಗ್ರಾಂ ಹುಲ್ಲಿನಲ್ಲಿ ಇರುವುದು ಅರ್ಧ ಗ್ರಾಂ. ಅದನ್ನು ತೆರೆದ ಬಾಣಲೆಯಲ್ಲಿ ಕಾಯಿಸಿದಾಗ ಮನೆ ತುಂಬ ಘಮ ಹಬ್ಬುತ್ತದಲ್ಲ, ಆ ಘಮವೇ ಹಾರಿಹೋದ ಮಾಲು! ಸೀಸೆಯಲ್ಲಿ ಉಳಿದದ್ದು ಹಸಿರು ಬಣ್ಣದ ಕೊಬ್ಬರಿ ಎಣ್ಣೆ. ಕೂದಲಿಗೆ ಒಳ್ಳೆಯದಿರಬಹುದು, ಸೊಳ್ಳೆಗೆ ಅದರ ಲೆಕ್ಕವಿಲ್ಲ. ಸುಗಂಧ ಬೇಕಿದ್ದರೆ ಬಟ್ಟಿ ಇಳಿಸಿದ ಸಿಟ್ರೊನೆಲ್ಲಾ ಎಣ್ಣೆಯನ್ನು ಸಣ್ಣ ಸೀಸೆಯಲ್ಲಿ ಕೊಂಡು, ಮೇಲೆ ಹೇಳಿದ ಬೇವು-ಕೊಬ್ಬರಿ ಮಿಶ್ರಣದ 100 ಮಿಲಿಗೆ 5 ಮಿಲಿ ಸೇರಿಸಿ. ಸಿಟ್ರೊನೆಲ್ಲಾ ಮೊದಲ ಕೆಲವು ನಿಮಿಷಗಳನ್ನು ನೋಡಿಕೊಳ್ಳುತ್ತದೆ, ಆಮೇಲಿನದು ಬೇವಿನ ಪಾಳಿ. ಮಜ್ಜಿಗೆ ಹುಲ್ಲಿನ ಬಟ್ಟಿ ಎಣ್ಣೆ ಚರ್ಮಕ್ಕೆ ಇನ್ನೂ ತೀಕ್ಷ್ಣ, ಅದಾದರೆ 100ಕ್ಕೆ 1 ಮಿಲಿ ಸಾಕು. ರೈತರ ಗುಂಪೊಂದು ಹುಲ್ಲನ್ನೇ ಬೆಳೆದು ಬಟ್ಟಿ ಘಟಕ ಹಾಕುವ ಯೋಚನೆಯಲ್ಲಿದ್ದರೆ ತಳಿ ಮತ್ತು ಬೇಸಾಯ ವಿಚಾರಿಸಲು ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ ಹತ್ತಿರದಲ್ಲೇ ಇದೆ.

ಅರಿಷಿಣದ ಸೀಮೆ ಇದು ಎಂಬ ಕಾರಣಕ್ಕೆ ಇನ್ನೊಂದು ಮಾತು. ಥಾಯ್ಲೆಂಡ್‌ನ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅರಿಷಿಣ, ಸಿಟ್ರೊನೆಲ್ಲಾ ಮೊದಲಾದವುಗಳ ಬಟ್ಟಿ ಎಣ್ಣೆಗೆ ಶೇ 5ರಷ್ಟು ವೆನಿಲಿನ್ ಸೇರಿಸಿದಾಗ ಪಂಜರದೊಳಗಿನ ಸೊಳ್ಳೆಗಳನ್ನು 8 ತಾಸಿನವರೆಗೆ ತಡೆಯಲು ಆಯಿತು. ವೆನಿಲಿನ್ ಎಂದರೆ ಐಸ್‌ಕ್ರೀಮಿಗೆ ಪರಿಮಳ ಕೊಡುವ ಅದೇ ವಸ್ತು. ಹಾರುವ ಎಣ್ಣೆಯ ಕಾಲು ಕಟ್ಟಿಹಾಕುವುದು ಅದರ ಕೆಲಸ. ಪಂಜರದ ಎಂಟು ತಾಸು ಅಂಗಳದಲ್ಲಿ ಅಷ್ಟೇ ಆಗಿ ಉಳಿಯಲಾರದು, ಅರಿಷಿಣ ಪುಡಿಯನ್ನು ಎಣ್ಣೆಗೆ ಕಲಸಿದರೆ ಬಟ್ಟಿ ಎಣ್ಣೆಯೂ ಆಗಲಾರದು, ಮೈ ಹಳದಿಯಾಗುತ್ತದೆ ಅಷ್ಟೆ. ಆದರೆ ಕಟಾವಾದ ಮೇಲೆ ಹೊಲದಲ್ಲೇ ಒಣಗುವ ಅರಿಷಿಣದ ಎಲೆಯಲ್ಲೂ ಹಾರುವ ಎಣ್ಣೆ ಇದೆ ಎಂಬುದನ್ನು ಬಟ್ಟಿ ಘಟಕದ ಕನಸು ಕಾಣುವವರು ಮರೆಯಬಾರದು.

ಮೈಗಿಂತ ಕಾಳಿನ ಡಬ್ಬಿಯಲ್ಲಿ ಸಸ್ಯದ ಎಣ್ಣೆ ಹೆಚ್ಚು ನಂಬಿಕಸ್ಥ. ಕಾರಣ, ಅಲ್ಲಿ ಹಾರಿಹೋಗುವ ಮಾತಿಲ್ಲ. ಹೆಸರು, ಅಲಸಂದಿ, ಕಡಲೆ, ತೊಗರಿಯ ನುಸಿ ಕಾಳಿನ ಮೈಮೇಲೆ ಬಿಳಿ ಚುಕ್ಕೆಯಂತೆ ಮೊಟ್ಟೆ ಅಂಟಿಸುತ್ತದೆ, ಮರಿ ಅಲ್ಲಿಂದಲೇ ಒಳಗೆ ಕೊರೆಯುತ್ತದೆ. ಕಿಲೋ ಕಾಳಿಗೆ 5 ಮಿಲಿ ಔಡಲೆಣ್ಣೆ ಸವರಿದರೆ ಆ ಮೊಟ್ಟೆಗೆ ಉಸಿರು ಸಿಗುವುದಿಲ್ಲ, ಹೊಸದಾಗಿ ಮೊಟ್ಟೆ ಅಂಟುವುದೂ ಕಷ್ಟ. ಕ್ವಿಂಟಲ್‌ಗೆ ಅರ್ಧ ಲೀಟರ್ ಆಯಿತು. ಕಾಳನ್ನು ಮೊದಲು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ತಣಿಸಿ, ಎಣ್ಣೆಯನ್ನು ಅಂಗೈಗೆ ಹಚ್ಚಿಕೊಂಡು ಕಾಳನ್ನು ಉಜ್ಜುತ್ತ ಹೋಗಬೇಕು. ಮೇಲಿನಿಂದ ಸುರಿದರೆ ತಳದ ಕಾಳು ಜಿಡ್ಡಾಗಿ ಮೇಲಿನದು ಹಾಗೇ ಉಳಿಯುತ್ತದೆ. ಬೇವಿನೆಣ್ಣೆಯೂ ಇದೇ ಕೆಲಸ ಮಾಡುತ್ತದೆ, ಆದರೆ ಉಣ್ಣುವ ಕಾಳಿಗೆ ಕಹಿ ಹತ್ತುತ್ತದೆ, ಹೀಗಾಗಿ ಅದು ಬಿತ್ತನೆ ಬೀಜಕ್ಕೆ ಇರಲಿ. ಕಾಳಿನೊಳಗೆ ಮರಿ ಆಗಲೇ ಹೊಕ್ಕಿದ್ದರೆ ಮಾತ್ರ ಯಾವ ಎಣ್ಣೆಯೂ ಅದನ್ನು ಹೊರಗೆಳೆಯದು.

ಕೊಟ್ಟಿಗೆಯಲ್ಲಿ ಎಣ್ಣೆಗೆ ಇನ್ನೊಂದು ಕಷ್ಟ, ನೀರಿನೊಂದಿಗೆ ಅದು ಬೆರೆಯುವುದಿಲ್ಲ. ಲೀಟರ್ ಬೆಚ್ಚನೆಯ ನೀರಿಗೆ ಮೊದಲು 5 ಮಿಲಿಯಷ್ಟು ಸೋಪಿನ ದ್ರವ, ಆಮೇಲೆ 10 ಮಿಲಿ ಬೇವು ಇಲ್ಲವೆ ಹುಲಗಲದ ಎಣ್ಣೆ ಹಾಕಿ, ಹಾಲಿನ ಬಣ್ಣ ಬರುವವರೆಗೆ ಕಡೆದು, ಅಂದೇ ಗೋಡೆ, ಬಿರುಕು, ಗೂಟದ ಬುಡಕ್ಕೆ ಸಿಂಪಡಿಸಬೇಕು. ಮರುದಿನಕ್ಕೆ ಇಟ್ಟರೆ ಎಣ್ಣೆ ಮೇಲೆ ತೇಲುತ್ತದೆ. ದನದ ಮೈಮೇಲಿನ ಉಣ್ಣೆಗೆ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡಿರುವ ಮಿಶ್ರಣ ಉಂಟು: ಹತ್ತು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಬೇವಿನ ಎಲೆ, ಒಂದು ಹಿಡಿ ಬೇವಿನ ಹಣ್ಣು, 10 ಗ್ರಾಂ ಬಜೆ, 20 ಗ್ರಾಂ ಅರಿಷಿಣ, ಒಂದೊಂದು ಹಿಡಿ ತುಳಸಿ ಮತ್ತು ಲಂಟಾನ ಎಲೆ, ಎಲ್ಲ ಅರೆದು ಒಂದು ಲೀಟರ್ ನೀರಿನಲ್ಲಿ ಸೋಸಿ ಮೈಗೆ ಹಚ್ಚುವುದು. ಲಂಟಾನ ದನದ ಹೊಟ್ಟೆಗೆ ಹೋದರೆ ವಿಷ, ಆದ್ದರಿಂದ ಒಣಗುವವರೆಗೆ ದನ ಮೈ ನೆಕ್ಕದಂತೆ ನೋಡಿಕೊಳ್ಳಬೇಕು. ಹಿಂಡುವ ಮುಂಚೆ ಕೆಚ್ಚಲಿನ ಹತ್ತಿರ ಬೇವಿನೆಣ್ಣೆ ತಂದರೆ ಹಾಲಿಗೆ ವಾಸನೆ ಹಿಡಿದು ಡೇರಿಯಲ್ಲಿ ಮಾತು ಕೇಳಬೇಕಾದೀತು.

ಸಸ್ಯದ್ದು ತಾನೆ, ಅಪಾಯವೇನು ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಅಪಾಯ ಉಂಟು. ಹಸುಗೂಸಿಗೆ ಔಷಧಿಯೆಂದು ಬೇವಿನೆಣ್ಣೆ ಕುಡಿಸಿ ಮಿದುಳಿಗೆ ಪೆಟ್ಟಾದ ಪ್ರಕರಣಗಳು ಮಲೇಷ್ಯಾದಿಂದಲೂ ಭಾರತದಿಂದಲೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕರ್ಪೂರ, ನೀಲಗಿರಿ ಎಣ್ಣೆ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಬೇವಿನೆಣ್ಣೆಯಲ್ಲಿ ಕರ್ಪೂರ ಕರಗಿಸಿ ದೀಪ ಹಚ್ಚುವ, ಮೈಗೆ ಸವರುವ ರೂಢಿ ಇರುವ ಮನೆಗಳಲ್ಲಿ ಆ ಬಟ್ಟಲು ನೆಲದ ಮೇಲೆ ಇರಕೂಡದು. ನಿಂಬೆ ಸಿಪ್ಪೆ ಹಿಂಡಿ ಮೈಗೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗುತ್ತದೆ. ಆದ್ದರಿಂದ ಯಾವ ಮಿಶ್ರಣವಾದರೂ ಮೊದಲು ಮೊಣಕೈ ಒಳಬದಿಗೆ ಒಂದು ಹನಿ ಹಚ್ಚಿ ಒಂದು ದಿನ ಕಾದು ನೋಡಿ. ಕಣ್ಣು, ತುಟಿ, ಗಾಯ, ಮಕ್ಕಳ ಕೈಬೆರಳು ಬಿಟ್ಟುಬಿಡಿ. ಕೂಸಿಗೆ ಸೊಳ್ಳೆಪರದೆ ಸಾಕು, ಎಣ್ಣೆ ಬೇಡ.

ಬೇವಿನ ಸೊಪ್ಪಿನ ಹೊಗೆಯನ್ನು ಸಮರ್ಥಿಸುವವರು ಕಾಯಿಲ್ ಅನ್ನು ಬೈಯುತ್ತಾರೆ. ಬೈಯುವುದಕ್ಕೆ ಆಧಾರವಿದೆ: 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದು ಕಾಯಿಲ್ ಉರಿದಾಗ ಹೊರಬೀಳುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿಗೆ ಸಮ. ಆದರೆ ಶ್ವಾಸಕೋಶಕ್ಕೆ ಕಣ ಕಣವೇ, ಅದು ಕಾಯಿಲ್‌ನಿಂದ ಬಂದರೂ ಕುಳ್ಳಿನ ಮೇಲೆ ಸುಟ್ಟ ಬೇವಿನಿಂದ ಬಂದರೂ. ತೆರೆದ ಕೊಟ್ಟಿಗೆಯಲ್ಲಿ ಸಂಜೆ ಸ್ವಲ್ಪ ಹೊತ್ತು ಹೊಗೆ ಹಾಕುವುದು ಬೇರೆ, ಕಿಟಕಿ ಮುಚ್ಚಿದ ಮಲಗುವ ಕೋಣೆಯಲ್ಲಿ ಹಾಕುವುದು ಬೇರೆ.

ಇಷ್ಟೆಲ್ಲ ಮಾಡಿ ಎರಡು ತಾಸು ಸಿಗುವುದಾದರೆ ಅಂಗಡಿಯ ಡೀಟ್ ಕ್ರೀಮು ತಂದರಾಗದೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು, ಕೆಲವು ಸಂದರ್ಭದಲ್ಲಿ ಹಾಗೇ ಮಾಡಬೇಕು. 2006ರ ಚಿಕುನ್‌ಗುನ್ಯಾದಲ್ಲಿ ಕರ್ನಾಟಕದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು, 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಎರಡನ್ನೂ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಅದೂ ಬೆಳಗ್ಗೆ ಮತ್ತು ಇಳಿಹೊತ್ತಿನಲ್ಲಿ ಜೋರು. ಬೇವಿನೆಣ್ಣೆಗೆ ಒಳ್ಳೆಯ ಅಂಕ ಸಿಕ್ಕದ್ದು ರಾತ್ರಿಯ ಅನಾಫಿಲಿಸ್ ವಿರುದ್ಧ. ಓಣಿಯಲ್ಲಿ ಡೆಂಗಿ ಬಂದಿದೆ ಎಂದರೆ, ಮನೆಯಲ್ಲಿ ಗರ್ಭಿಣಿ ಇದ್ದಾಳೆ ಎಂದರೆ, ಮನೆ ಎಣ್ಣೆಯ ಪ್ರಯೋಗಕ್ಕೆ ಅದು ಕಾಲವಲ್ಲ. ವೈದ್ಯರನ್ನು ಕೇಳಿ ಪರೀಕ್ಷೆಗೊಂಡ ಲೇಪ ಹಚ್ಚಿ, ಪರದೆ ಕಟ್ಟಿ. ಸಸ್ಯಮೂಲದ್ದೇ ಬೇಕೆಂಬ ಹಟವಿದ್ದರೆ ನಿಂಬೆವಾಸನೆಯ ನೀಲಗಿರಿ ಜಾತಿಯಿಂದ ಸಿದ್ಧವಾಗುವ ಪಿಎಂಡಿ ಲೇಪವನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2005ರಲ್ಲೇ ಶಿಫಾರಸಿನ ಪಟ್ಟಿಗೆ ಸೇರಿಸಿದೆ, ಮೂರು ವರ್ಷದೊಳಗಿನ ಮಕ್ಕಳಿಗೆ ಅದೂ ಸಲ್ಲದು. ನೆಗಡಿಗೆ ಮೂಸುವ ನೀಲಗಿರಿ ಎಣ್ಣೆ ಅದಲ್ಲ. ಉಳಿದ ದಿನಗಳಲ್ಲಿ, ಸಂಜೆ ಕಟ್ಟೆಯ ಮೇಲೆ ಕುಳಿತ ಎರಡು ತಾಸು, ರಾತ್ರಿ ಕಬ್ಬಿಗೆ ನೀರು ಹಾಯಿಸಲು ಹೋಗುವ ಹೊತ್ತು, ಇವಕ್ಕೆ ಬೇವು-ಕೊಬ್ಬರಿ ಸಾಕಾಗುತ್ತದೆ, ಹೊಲದಲ್ಲಿ ಬೆವರಿದ ಮೇಲೆ ಮತ್ತೊಮ್ಮೆ ಹಚ್ಚಬೇಕು ಅಷ್ಟೆ. ಬ್ಯಾರಲ್ಲು, ಹೌದನ್ನು ವಾರಕ್ಕೊಮ್ಮೆ ತಿಕ್ಕಿ ಒಣಗಿಸದ ಮನೆಗೆ ಯಾವ ಲೇಪವೂ ಪೂರೈಸದು, ಏಕೆಂದರೆ ಮೊಟ್ಟೆ ಸೊಳ್ಳೆಯಾಗಲು ಹಿಡಿಯುವುದು ಎಂಟು ಹತ್ತು ದಿನ ಮಾತ್ರ.

ಮಹಿಳಾ ಸಂಘಗಳು ಇಂಥ ಎಣ್ಣೆ ಮಾಡಿ ಸಂತೆಯಲ್ಲಿ ಮಾರುವ ಉತ್ಸಾಹ ತೋರಿಸುತ್ತವೆ. ಮನೆಬಳಕೆಗೆ ಅಡ್ಡಿಯಿಲ್ಲ. ಸೊಳ್ಳೆ ಓಡಿಸುತ್ತದೆ ಎಂದು ಚೀಟಿ ಅಂಟಿಸಿ ಮಾರುವ ಮುಂಚೆ ಮಾತ್ರ 1968ರ ಕೀಟನಾಶಕ ಕಾಯ್ದೆಯ ಪ್ರಕಾರ ನೋಂದಣಿ, ಪರವಾನಗಿ ಬೇಕೇ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ಕೊಳ್ಳುವವರಿಗೂ ಇದೇ ಮಾತು. ಗಿಡಮೂಲಿಕೆ ಎಂದು ಬರೆದು ಒಳಗೆ ನೋಂದಣಿಯಾಗದ ಸಿಂಥೆಟಿಕ್ ಪೈರೆಥ್ರಾಯ್ಡ್ ಸೇರಿಸಿದ ಅಗರಬತ್ತಿಗಳು ದೇಶದ ಮಾರುಕಟ್ಟೆಯಲ್ಲಿ ಸಿಕ್ಕಿಬಿದ್ದಿವೆ. ಒಂದೇ ಕಡ್ಡಿಗೆ ಕೋಣೆಯ ಸೊಳ್ಳೆಯೆಲ್ಲ ಪಟಪಟನೆ ಬಿದ್ದರೆ ಅದು ಬೇವಿನ ಕೆಲಸವಲ್ಲ ಎಂದು ತಿಳಿಯಿರಿ.

ಬೇವಿನ ಹಣ್ಣು ಉದುರುವುದು ಜೂನ್‌ನಿಂದ. ಮಳೆಯಲ್ಲಿ ನೆನೆದು ಬೂಷ್ಟು ಹಿಡಿಯುವ ಮುಂಚೆ ದಿನಾ ಆರಿಸಿ, ತಿರುಳು ತಿಕ್ಕಿ ತೊಳೆದು, ಬೀಜವನ್ನು ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲಿ ಇಡಿ, ಪ್ಲಾಸ್ಟಿಕ್ ಚೀಲ ಬೇಡ. ಗಾಣದಲ್ಲಿ ಕಿಲೋ ಬೀಜಕ್ಕೆ ನೂರು ಮಿಲಿ ಎಣ್ಣೆ ಇಳಿದರೂ ಶೇ 2ರ ಅಳತೆಯಲ್ಲಿ ಅದು ಐದು ಲೀಟರ್ ಲೇಪಕ್ಕೆ ಆಗುತ್ತದೆ, ಒಂದು ಮನೆಗೆ ವರ್ಷ ಪೂರ್ತಿ ಸಾಕು.